ಹನ್ನೊಂದನೇ ಸಾಲಿನಲ್ಲಿ ಎದ್ದವರು

ಗಂಟಲಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ವಿಮಾನದ ಹಿಂಬದಿಯ ಅಡುಗೆಮೂಲೆಯಲ್ಲಿ ನಿಂತು ಅವಳು ‘ಕೂತ್ಕೊಳಿ’ ಎಂದರೆ ಸಾಕು, ಮುಂದಿನ ಸಾಲಿನಲ್ಲಿ ಬ್ಯಾಗು ತೆಗೆಯಲು ಎದ್ದವರು ಯಾಕೆ ಏನು ಅಂತ ಕೇಳದೆ ಕೂತುಬಿಡುತ್ತಿದ್ದರು. ಮೈಕು ಕೈಕೊಟ್ಟ ದಿನ ಕ್ಯಾಪ್ಟನ್ ಸಾಹೇಬರು, ನಮಗೇನಪ್ಪ ಚಿಂತೆ, ಗಂಟಲಕ್ಕ ಇದ್ದಾಳಲ್ಲ ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಒಂದು ದಿನ ಸಿಟಿ ಬಸ್ಸಿನಲ್ಲಿ, ಬಾಗಿಲಲ್ಲಿ ಜೋತಾಡುತ್ತಿದ್ದ ಯಾರಿಗೋ ಅವಳು ಹಾಗೆ ಗದರಿದಾಗ ಪಕ್ಕದಲ್ಲಿದ್ದ ಕಂಡಕ್ಟರೇ ಕುಕ್ಕರಿಸಿಬಿಟ್ಟನಂತೆ. ಎಷ್ಟು ನಿಜವೋ ದೇವರೇ ಬಲ್ಲ, ಅವಳಂತೂ ಅಲ್ಲ ಅಂದವಳಲ್ಲ.

ಆ ಗಂಟಲಿಗೆ ಈಗ ಅರವತ್ತೆಂಟು ವರ್ಷ. ತರಬೇತಿ ಶಾಲೆಯ ಈಗಿನ ಮುಖ್ಯಸ್ಥೆ ಫೋನು ಮಾಡಿ, ಅಕ್ಕಾ, ಮೊಂಡನನ್ನ ಸೋಮವಾರ ಗುಜರಿಗೆ ಹಾಕ್ತಾರೆ, ಶನಿವಾರ ಬಂದು ನಮ್ಮ ಹೊಸ ಮಕ್ಕಳಿಗೆ ಕೊನೇ ಪಾಠ ಮಾಡಿ ಅಂದಿದ್ದಳು. ಈ ಮುಖ್ಯಸ್ಥೆ ಒಂದು ಕಾಲದಲ್ಲಿ ಗಂಟಲಕ್ಕನ ಶಿಷ್ಯೆ. ತರಬೇತಿಯ ಆರು ವಾರದಲ್ಲಿ ಒಂದು ದಿನ ಬಿಡದೆ ಅತ್ತಿದ್ದರಿಂದ ಅಳುಬುರುಕಿ ಎಂದೇ ಅವಳು ಪ್ರಸಿದ್ಧಳು. ಈಗ ನಲವತ್ತು ಜನರನ್ನು ಅಳಿಸುವ ಹುದ್ದೆಯಲ್ಲಿದ್ದರೂ ಹಳಬರ ಬಾಯಲ್ಲಿ ಆ ಹೆಸರು ಹೋಗಿಲ್ಲ.

ಮೊಂಡ ಅಂದರೆ ಒಂದು ವಿಮಾನದ ಮುಂಡ. ರೆಕ್ಕೆ ಇಲ್ಲ, ಬಾಲ ಇಲ್ಲ, ಮೂತಿಯಿಂದ ಹದಿನಾಲ್ಕನೇ ಸಾಲಿನವರೆಗೆ ಕತ್ತರಿಸಿ ತಂದು ದೊಡ್ಡ ಶೆಡ್ಡಿನೊಳಗೆ ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದ್ದರು. ಹಾರುವುದೊಂದು ಬಿಟ್ಟು ವಿಮಾನದಲ್ಲಿ ಆಗುವುದೆಲ್ಲ ಅದರಲ್ಲಿ ಆಗುತ್ತಿತ್ತು. ಹೊಗೆ ತುಂಬುತ್ತಿತ್ತು, ದೀಪ ಆರುತ್ತಿತ್ತು, ಬಸುರಿ ಹೆಂಗಸಿನ ವೇಷದಲ್ಲಿ ಯಾರೋ ಸ್ಟುವರ್ಡು ಕಿರುಚುತ್ತಿದ್ದ. ಮೂವತ್ತು ವರ್ಷದಲ್ಲಿ ಸಾವಿರಾರು ಜನ ಅದರ ಬಾಗಿಲಿನಿಂದ ಜಾರುಬಂಡೆಯಲ್ಲಿ ಜಾರಿ ಪಾಸಾಗಿ ಹೋಗಿದ್ದರು.

ಶನಿವಾರ ಬೆಳಿಗ್ಗೆ ಗಂಟಲಕ್ಕ ಬೇಕೆಂದೇ ಒಂದು ಗಂಟೆ ಮುಂಚೆ ಬಂದು ಒಬ್ಬಳೇ ಮೊಂಡನನ್ನು ಹತ್ತಿದಳು. ಒಳಗೆ ಕಾಲಿಟ್ಟಿದ್ದೇ ತಡ, ಹಳೇ ರಬ್ಬರು, ಹಳೇ ಬಟ್ಟೆ, ಎಷ್ಟು ತೊಳೆದರೂ ಹೋಗದ ಕಾಫಿಯ ವಾಸನೆ. ಅವಳ ಕಣ್ಣು ತುಂಬಿಬಂತು. ಸೀಟಿನ ತೋಳಿನಲ್ಲಿದ್ದ ಸಿಗರೇಟಿನ ಬೂದಿಬಟ್ಟಲಿನ ಮುಚ್ಚಳವನ್ನು ಬೆರಳಿನಿಂದ ಎತ್ತಿ ಬಿಟ್ಟಳು. ಟಿಕ್ ಅಂತ ಅದೇ ಸದ್ದು. ರಾತ್ರಿ ಹಾರಾಟದಲ್ಲಿ ದೀಪ ಆರಿಸಿದ ಮೇಲೆ ಆ ಸದ್ದು ಒಂದೊಂದೇ ನಿಂತಂತೆ ಜನ ಒಬ್ಬೊಬ್ಬರೇ ನಿದ್ದೆಹೋದರು ಅಂತ ಹಿಂದೆ ನಿಂತು ತಿಳಿದುಕೊಳ್ಳುತ್ತಿದ್ದ ಕಾಲ ಅದು.

ಏನು ಕಾಲವಪ್ಪ ಅದು ಅಂದುಕೊಂಡಳು. ಜನ ವಿಮಾನ ಹತ್ತಲು ಮದುವೆಗೆ ಹೊರಟವರ ಹಾಗೆ ಉಡುತ್ತಿದ್ದರು. ಒಬ್ಬ ಅಜ್ಜಿಯಂತೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಿದ್ದಳು. ಊಟ ಪಿಂಗಾಣಿ ತಟ್ಟೆಯಲ್ಲಿ, ಲೋಟ ಗಾಜಿನದು. ಕೆಳಗೆ ಇಳಿಯುವಾಗ ಪ್ರಯಾಣಿಕರು ಕೈಕುಲುಕಿ, ಚೆನ್ನಾಗಿ ನೋಡ್ಕೊಂಡ್ರಿ ತಾಯಿ ಅನ್ನುತ್ತಿದ್ದರು. ಈಗಿನವರು ಕಿವಿಗೆ ಬೆಣೆ ಜಡಿದುಕೊಂಡು ಬರುತ್ತಾರೆ, ಹೋಗುತ್ತಾರೆ, ಮುಖ ನೋಡುವುದಿಲ್ಲ. ಇರಲಿ, ಅವರವರ ಕಾಲ ಅವರವರಿಗೆ.

ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ನೆನಪಾಗುತ್ತಿದ್ದದ್ದು ಸಿಬ್ಬಂದಿ ಕೋಣೆಯ ಚಹಾ. ಪ್ರತಿ ಹಾರಾಟ ಮುಗಿದ ಮೇಲೆ ಮೇಲಿನವರಿಗೆ ವರದಿ ಬರೆಯಬೇಕಲ್ಲ, ಅದನ್ನು ಬರೆಯುವ ಮುಂಚೆ ಎಲ್ಲರೂ ಒಂದು ಮೇಜಿನ ಸುತ್ತ ಕೂತು ಚಹಾ ಕುಡಿಯುವುದು, ಕ್ಯಾಪ್ಟನ್ ಸಾಹೇಬರು ಲೋಟ ಕೆಳಗಿಟ್ಟು ‘ಒಂದೇ ಬಾಯಿ’ ಅನ್ನುವುದು. ಅಂದರೆ ನಡೆದದ್ದು ಏನೇ ಇರಲಿ, ಕಾಗದದಲ್ಲಿ ಎಲ್ಲರದ್ದೂ ಒಂದೇ ಮಾತು. ಒಮ್ಮೆ ಒಬ್ಬ ನ್ಯಾಯಾಧೀಶರ ಕೋಟಿನ ಮೇಲೆ ಇಡೀ ಕಾಫಿ ಜಗ್ಗು ಬಿತ್ತು, ಬೀಳಿಸಿದ್ದು ಇದೇ ಅಳುಬುರುಕಿ. ವರದಿಯಲ್ಲಿ ನಾಲ್ಕೂ ಜನ ಬರೆದದ್ದು, ವಿಮಾನ ಅಲುಗಿತು ಅಂತ. ಆ ದಿನ ಆಕಾಶ ಕನ್ನಡಿಯಂತಿತ್ತು. ಒಬ್ಬರ ತಪ್ಪನ್ನು ಎಲ್ಲರೂ ಹೊರುವ ಆ ಪದ್ಧತಿಯಿಂದ ಎಷ್ಟು ಜನರ ಕೆಲಸ ಉಳಿಯಿತೋ, ಎಷ್ಟು ಹೊಸಬರು ಅಳು ನುಂಗಿ ನಕ್ಕರೋ. ತವರುಮನೆಯಲ್ಲಿ ಅಣ್ಣಂದಿರಿದ್ದ ಹಾಗೆ ಅನಿಸುತ್ತಿತ್ತು ಅವಳಿಗೆ.

ಹೊರಗೆ ಕಾಲಸಪ್ಪಳ ಕೇಳಿ ಅವಳು ಕಣ್ಣೊರೆಸಿಕೊಂಡು ಇಳಿದಳು. ಶೆಡ್ಡಿನ ಮೂಲೆಯಲ್ಲಿ ಚಹಾ ಇಟ್ಟಿದ್ದರು. ಹೊಸ ಬ್ಯಾಚಿನ ಇಪ್ಪತ್ತು ಜನ ಸಮವಸ್ತ್ರದಲ್ಲಿ ಬೆನ್ನು ಸೆಟೆಸಿ ನಿಂತಿದ್ದರು. ಅಳುಬುರುಕಿ ಅವಳ ಕೈ ಹಿಡಿದುಕೊಂಡು, ಇವತ್ತಿನ ಪಾಠ ಏನು ಗೊತ್ತಲ್ಲ ಅಕ್ಕಾ, ಅಪಹರಣದ್ದು ಅಂದಳು. ಅಪಹರಣಕಾರ ಎದ್ದು ನಿಂತರೆ ಪ್ರಯಾಣಿಕರು ಮೇಲೆ ಬೀಳಬೇಕೋ, ತೆಪ್ಪಗೆ ಕೂತಿರಬೇಕೋ? ಮುಂಚೆ ನಾವು ಕೂತಿರಿ ಅಂತ ಕಲಿಸುತ್ತಿದ್ದೆವು, ಈಗ ಪುಸ್ತಕ ಬದಲಾಗಿದೆ, ತಿರುಗಿಬಿದ್ದರೆ ತಡೆಯಬೇಡಿ ಅಂತಿದೆ, ಮಕ್ಕಳು ಎರಡು ಪಂಗಡವಾಗಿ ಒಂದು ವಾರದಿಂದ ಕಿತ್ತಾಡುತ್ತಿದ್ದಾರೆ, ನಿಮ್ಮ ಕತೆ ಕೇಳಲಿ ಅಂದಳು. ಆಮೇಲೆ ಏನೋ ಭಾರಿ ಉಡುಗೊರೆ ಕೊಡುವವಳ ಹಾಗೆ ದನಿ ತಗ್ಗಿಸಿ, ಅವತ್ತು ಅಪಹರಣವಾದ ನಿಮ್ಮ ವಿಮಾನದಲ್ಲಿದ್ದ ಪ್ರಯಾಣಿಕರನ್ನೂ ಕರೆಸಿದ್ದೀನಿ, ಏಳು ಜನ ಬಂದಿದ್ದಾರೆ ಅಂದಳು.

ಗಂಟಲಕ್ಕ ಶಿಷ್ಯೆಯ ಹಿಡಿತದಿಂದ ತನ್ನ ಕೈ ಬಿಡಿಸಿಕೊಂಡಳು. ಅವಳು ಆ ಏಳು ಜನರ ಕಡೆ ನೋಡುವ ಮುಂಚೆಯೇ ಅವರಲ್ಲಿ ಒಬ್ಬರು ಅವಳ ಕಡೆಗೆ ನಡೆದು ಬರುತ್ತಿದ್ದರು.

ತೂಕದ ಮಾಸ್ತರು. ಒಂದು ಕಾಲದಲ್ಲಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಭಾರ ಎತ್ತುವುದನ್ನು ಕಲಿಸುತ್ತಿದ್ದವರು, ತಾವೂ ಎತ್ತಿ ಪದಕ ಗೆದ್ದವರು. ಆಗ ಅವರು ಸೀಟಿನಲ್ಲಿ ಕೂತರೆ ಪಕ್ಕದವರು ಗೋಡೆಗೆ ಅಂಟಿಕೊಳ್ಳಬೇಕಿತ್ತು. ಈಗ ಮೈ ಇಳಿದು ಕೋಟು ತೂಗುಹಾಕಿದಂತಿತ್ತು. ಅವರು ನಮಸ್ಕಾರ ಹೇಳಿ, ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಬೆಂಚಿನ ಮೇಲೆ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾ ಕೂತಿದ್ದ ಹೆಂಗಸು ಅವರ ಹೆಂಡತಿ.

‘ನಾನು ಎದ್ದಿದ್ದನ್ನ ನೋಡಿದ್ದು ನೀವೊಬ್ರೇ,’ ಅಂದರು ಮಾಸ್ತರು. ‘ಮನೇಲಿ ಎಷ್ಟು ಹೇಳಿದ್ರೂ ನಂಬಿಲ್ಲ. ಪೇಪರಲ್ಲಿ ಬಂದಿತ್ತಲ್ಲ, ಯಾರೂ ಏಳ್ಲಿಲ್ಲ ಅಂತ. ಇವತ್ತು ನಿಮ್ಮ ಬಾಯಿಂದ ಕೇಳ್ತೀನಿ ಅಂತ ಅವಳೇ ಹೊರಟು ಬಂದಿದಾಳೆ. ನೀವು ಹೇಳಿದ್ದನ್ನ ನಂಬ್ತಾಳೆ. ಅದು ಏನೇ ಆಗ್ಲಿ.’

ಇಷ್ಟು ಹೇಳಿ ಅವರು ಉತ್ತರಕ್ಕೂ ಕಾಯದೆ ಹೋಗಿ ಹೆಂಡತಿಯ ಪಕ್ಕ, ನಡುವೆ ಒಂದು ಮೊಳ ಜಾಗ ಬಿಟ್ಟು ಕೂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗಂಟಲಕ್ಕನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಏನಾಗಿತ್ತು ಅಂದರೆ, ಇಪ್ಪತ್ತೆಂಟು ವರ್ಷದ ಹಿಂದೆ ನೂರಾ ಹನ್ನೆರಡು ಜನರನ್ನು ಹೊತ್ತ ಅವಳ ವಿಮಾನವನ್ನು ಇಬ್ಬರು ಅಪಹರಿಸಿದ್ದರು. ಉದ್ದನೆಯವನೊಬ್ಬ ಒಂದು ಕೈಯಲ್ಲಿ ಗ್ರೆನೇಡು, ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಕಾಕ್‌ಪಿಟ್ಟಿನ ಬಾಗಿಲಲ್ಲಿ ನಿಂತ. ಜರ್ಕಿನ್ ಹಾಕಿದ ಇನ್ನೊಬ್ಬ ಪಿಸ್ತೂಲು ಆಡಿಸುತ್ತಾ ಸೀಟುಗಳ ನಡುವೆ ಓಡಾಡಿದ. ಎಲ್ಲರೂ ತಲೆ ಮೊಣಕಾಲಿಗೆ ತಾಗಿಸಿ ಕೂರಬೇಕು, ತಲೆ ಎತ್ತಿದವರಿಗೆ ಗುಂಡು ಅಂದ. ಎಲ್ಲರೂ ತುಟಿಪಿಟಕ್ಕೆನ್ನದೆ ಹಾಗೇ ಕೂತರು. ಹಿಂದಿನ ಅಡುಗೆಮೂಲೆಯಲ್ಲಿ ನಿಂತವಳು ಗಂಟಲಕ್ಕ ಒಬ್ಬಳೇ.

ಒಂಬತ್ತನೇ ಸಾಲಿನಲ್ಲಿ ಒಬ್ಬ ಮುದುಕಿ ವಾಂತಿ ಮಾಡಿಕೊಂಡಳು. ಜರ್ಕಿನ್ನವನ ಬೂಟಿಗೆ ಸಿಡಿಯಿತು. ಅವನು ಅಸಹ್ಯಪಟ್ಟುಕೊಂಡು, ಪಿಸ್ತೂಲನ್ನು ಪಕ್ಕದ ಸೀಟಿನ ತೋಳಿನ ಮೇಲಿಟ್ಟು ಬೂಟು ಒರೆಸಲು ಬಗ್ಗಿದ. ಉದ್ದನೆಯವನು ಕಾಕ್‌ಪಿಟ್ಟಿನೊಳಗೆ ಮುಖ ಮಾಡಿ ನಿಂತಿದ್ದ. ಆಗ ಹನ್ನೊಂದನೇ ಸಾಲಿನಲ್ಲಿ ತೂಕದ ಮಾಸ್ತರು ಎದ್ದರು. ಅಷ್ಟು ದೊಡ್ಡ ಮೈ ಅಷ್ಟು ಸದ್ದಿಲ್ಲದೆ ಏಳುವುದನ್ನು ಗಂಟಲಕ್ಕ ಅದಕ್ಕೆ ಮುಂಚೆ ನೋಡಿರಲಿಲ್ಲ. ಎರಡು ಹೆಜ್ಜೆ ಇಟ್ಟರು. ಕೈ ಚಾಚಿದರು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಜರ್ಕಿನ್ನವನ ಕತ್ತು ಅವರ ಮುಷ್ಟಿಯಲ್ಲಿರುತ್ತಿತ್ತು.

ಗಂಟಲಕ್ಕ ಕೂಗಿದಳು, ‘ಕೂತ್ಕೊಳಿ.’

ಯೋಚಿಸಿ ಕೂಗಿದ್ದಲ್ಲ. ಚಲಿಸುತ್ತಿರುವ ವಿಮಾನದಲ್ಲಿ ಯಾರಾದರೂ ಎದ್ದರೆ ಹಾಗೆ ಕೂಗಬೇಕು ಅಂತ ಅವಳನ್ನು ತಿದ್ದಿ ತೀಡಿದ್ದರು. ಹತ್ತು ವರ್ಷದಲ್ಲಿ ಹತ್ತು ಸಾವಿರ ಸಲ ಕೂಗಿದ್ದಳು. ಕಣ್ಣು ಕಂಡಿತು, ಗಂಟಲು ಕೂಗಿತು, ಬುದ್ಧಿ ಆಮೇಲೆ ಬಂತು. ಮಾಸ್ತರು ಎಲ್ಲರಂತೆ ತಟ್ಟನೆ ಹಿಂದೆ ಸರಿದು ತಮ್ಮ ಸೀಟಿನಲ್ಲಿ ಕೂತುಬಿಟ್ಟರು. ಜರ್ಕಿನ್ನವನು ಪಿಸ್ತೂಲು ಕಿತ್ತುಕೊಂಡು ತಿರುಗಿ ನೋಡುವಾಗ ಎಲ್ಲರ ತಲೆಯೂ ಮೊಣಕಾಲಿನ ಮೇಲಿತ್ತು. ಮುದುಕಿಗೆ ಹೇಳಿದ್ದು ಅಂದುಕೊಂಡನೋ ಏನೋ, ಬಾಯಿ ಮುಚ್ಚು ಅಂತ ಗಂಟಲಕ್ಕನಿಗೆ ಗದರಿ ಸುಮ್ಮನಾದ.

ಮಾಸ್ತರ ಪಕ್ಕದ ಕಿಟಕಿಯಲ್ಲಿ ಕೂತಿದ್ದವನು ಅವರ ಭಾವಮೈದುನ, ಹೆಂಡತಿಯ ಒಬ್ಬನೇ ತಮ್ಮ. ಗಡಿಯಾರ ರಿಪೇರಿ ಕಲಿಯುತ್ತಿದ್ದ, ಇಪ್ಪತ್ಮೂರು ವರ್ಷ. ಮಾಸ್ತರು ಸ್ಪರ್ಧೆಗೆ ಹೊರಟಾಗ, ನಾನು ಒಂದು ಸಲಾನೂ ವಿಮಾನ ಹತ್ತಿಲ್ಲ ಭಾವ ಅಂತ ಗೋಗರೆದು ಜೊತೆಗೆ ಬಂದಿದ್ದ. ವಿಮಾನ ಯಾವುದೋ ಬಯಲಿನ ಹಳೇ ನಿಲ್ದಾಣದಲ್ಲಿ ಇಳಿದು ನಿಂತ ಮಾರನೇ ದಿನ ಮಧ್ಯಾಹ್ನ, ಸರ್ಕಾರಕ್ಕೆ ಕೊಟ್ಟ ಗಡುವು ಮೀರಿತು ಅಂತ ಉದ್ದನೆಯವನು ಬಂದು ಅವನತ್ತ ಬೆರಳು ತೋರಿಸಿದ. ಮಾಸ್ತರು ತೋಳು ಹಿಡಿದು ಬಿಡಲಿಲ್ಲ. ಅವರ ಕತ್ತಿಗೆ ಪಿಸ್ತೂಲು ಇಟ್ಟಾಗ ಹುಡುಗನೇ, ಬಿಡಿ ಭಾವ, ಏನೋ ಕೇಳಿ ವಾಪಸ್ ಕಳಿಸ್ತಾರೆ ಅಂತ ಕೈ ಬಿಡಿಸಿಕೊಂಡು ಎದ್ದುಹೋದ. ಅವನನ್ನು ತೆರೆದ ಬಾಗಿಲಲ್ಲಿ ನಿಲ್ಲಿಸಿ ಗುಂಡು ಹೊಡೆದರು. ಅದಾದ ಮೇಲೆ ಸಂಜೆಯ ಹೊತ್ತಿಗೆ ಇಬ್ಬರೂ ಶರಣಾದರು. ನೂರಾ ಹನ್ನೊಂದು ಜನ ಇಳಿದು ಮನೆಗೆ ಹೋದರು.

ಉದ್ದನೆಯವನ ಪಿಸ್ತೂಲೂ ಗ್ರೆನೇಡೂ ಅಸಲಿ. ಜರ್ಕಿನ್ನವನದು ಆಟದ ಪಿಸ್ತೂಲು ಅಂತ ಆಮೇಲೆ ತಿಳಿಯಿತು.

ಆ ರಾತ್ರಿ ಅತಿಥಿಗೃಹದ ಕೋಣೆಯಲ್ಲಿ ಸಿಬ್ಬಂದಿ ಎಲ್ಲ ಮೇಜಿನ ಸುತ್ತ ಕೂತರು. ಗಂಟಲಕ್ಕ ಲೋಟ ಹಿಡಿದು ಹನ್ನೊಂದನೇ ಸಾಲಿನವರು ಎದ್ದದ್ದನ್ನೂ ತಾನು ಕೂರಿಸಿದ್ದನ್ನೂ ಹೇಳಿದಳು. ಕ್ಯಾಪ್ಟನ್ ಸಾಹೇಬರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. ಆಮೇಲೆ ಹೇಳಿದರು, ಇದನ್ನು ಬರೆದರೆ ಆ ಹುಡುಗನ ಮನೆಯವರು ಜೀವನವಿಡೀ ನಿನ್ನನ್ನು ಬೆರಳು ಮಾಡಿ ತೋರಿಸುತ್ತಾರೆ, ನಿನ್ನನ್ನು ಅವರ ಬಾಯಿಗೆ ಹಾಕಲು ನಾನು ತಯಾರಿಲ್ಲ. ಲೋಟ ಕೆಳಗಿಟ್ಟು, ಒಂದೇ ಬಾಯಿ ಅಂದರು. ನಾಲ್ವರೂ ಬರೆದರು: ‘ಯಾವೊಬ್ಬ ಪ್ರಯಾಣಿಕರೂ ಆಸನ ಬಿಟ್ಟು ಏಳಲಿಲ್ಲ. ಸಿಬ್ಬಂದಿಯ ಸೂಚನೆಯನ್ನು ಎಲ್ಲರೂ ಪಾಲಿಸಿದರು.’ ಕಾಫಿ ಜಗ್ಗಿಗೆ ಮಾಡಿದ್ದನ್ನೇ ಅವರು ಇದಕ್ಕೂ ಮಾಡಿದರು. ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಸಂಶಯವಿಲ್ಲ.

ಪೇಪರಿನವರು ಆ ಎರಡು ವಾಕ್ಯವನ್ನು ಹಾಗೇ ಅಚ್ಚು ಹಾಕಿದರು. ಅದರ ಕೆಳಗೆ, ಪದಕ ಗೆದ್ದ ಪೈಲ್ವಾನರೊಬ್ಬರು ಸತ್ತ ಹುಡುಗನ ಪಕ್ಕದಲ್ಲೇ ಕೂತಿದ್ದರಂತೆ, ಆಟದ ಪಿಸ್ತೂಲಿಗೆ ಅವರೂ ತಲೆ ಬಗ್ಗಿಸಿದ್ದರಂತೆ ಅಂತ ಒಂದು ಒಗ್ಗರಣೆ. ಮಾಸ್ತರು ಮನೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಕೊಂಡರು. ಅಚ್ಚಾದ ಮಾತಿನ ಮುಂದೆ ಆಡಿದ ಮಾತಿಗೆ ಏನು ಬೆಲೆ? ಹೇಡಿ ಅನ್ನುವುದರ ಜೊತೆಗೆ ಸುಳ್ಳುಗಾರ ಅಂತಲೂ ಆಯಿತು. ಆರು ತಿಂಗಳಾದ ಮೇಲೆ ಅವರು ಗಂಟಲಕ್ಕನಿಗೆ ಒಂದು ಪುಟದ ಕಾಗದ ಬರೆದಿದ್ದರು. ಹೆಂಡತಿ ಜಗಳ ಆಡುವುದಿಲ್ಲ, ಅಡುಗೆ ಮಾಡಿ ಮೇಜಿನ ಮೇಲಿಟ್ಟು ಇನ್ನೊಂದು ಕೋಣೆಗೆ ಹೋಗುತ್ತಾಳೆ, ಒಂದೇ ಒಂದು ಸಲ ಮಾತ್ರ, ಅಷ್ಟು ಮೈ ಬೆಳೆಸಿದ್ದು ಯಾತಕ್ಕೆ ಅಂತ ಕೇಳಿದಳು, ನಾನು ಭಾರ ಎತ್ತುವುದು ಬಿಟ್ಟೆ, ನೀವು ನಾಲ್ಕು ಸಾಲು ಬರೆದು ಕಳಿಸಿದರೆ ಉಪಕಾರವಾಗುತ್ತದೆ ಅಂತ. ಗಂಟಲಕ್ಕ ಅದನ್ನು ಕ್ಯಾಪ್ಟನ್ ಸಾಹೇಬರಿಗೆ ತೋರಿಸಿದಳು. ಬರೆದರೆ ನಾವು ನಾಲ್ವರೂ ಸುಳ್ಳು ಸಹಿ ಹಾಕಿದ್ದೀವಿ ಅಂತಾಗುತ್ತದೆ ಅಂದರು ಅವರು. ಅವಳು ಉತ್ತರ ಬರೆಯಲಿಲ್ಲ.

ಮುಂಚೆ ಹಾರಾಟದ ನಡುವೆ ಆಗೀಗ ಪಾಠ ಹೇಳುತ್ತಿದ್ದವಳು ಅಲ್ಲಿಂದ ಪೂರಾ ಪಾಠಕ್ಕೇ ಬಂದಳು. ಬ್ಯಾಚಿನ ಮೇಲೆ ಬ್ಯಾಚಿಗೆ ಅದೇ ಕತೆ ಹೇಳಿದಳು. ಯಾರೂ ಏಳಲಿಲ್ಲ, ಅದಕ್ಕೇ ನೂರಾ ಹನ್ನೊಂದು ಜನ ಬದುಕಿ ಬಂದ್ವಿ. ಎಷ್ಟು ಸಲ ಹೇಳಿದ್ದಳೆಂದರೆ ಒಂದೊಂದು ದಿನ ಅವಳಿಗೇ ನಿಜ ಅನಿಸುತ್ತಿತ್ತು. ಕ್ಯಾಪ್ಟನ್ ಸಾಹೇಬರು ತೀರಿಕೊಂಡು ಎಂಟು ವರ್ಷವಾಯಿತು, ಉಳಿದಿಬ್ಬರಲ್ಲಿ ಒಬ್ಬರು ಎಲ್ಲಿದ್ದಾರೋ ಗೊತ್ತಿಲ್ಲ, ಇನ್ನೊಬ್ಬರಿಗೆ ಮರೆವಿನ ಕಾಯಿಲೆ. ನಾಲ್ಕು ಜನರ ಒಂದೇ ಬಾಯಿಯಲ್ಲಿ ಈಗ ನಿಜವಾಗಿ ಉಳಿದದ್ದು ಒಂದೇ.

ಅಳುಬುರುಕಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಮೊಂಡನೊಳಗೆ ಕರೆದಳು. ಹಳೇ ಪ್ರಯಾಣಿಕರನ್ನು ಮುಂದಿನ ಸಾಲುಗಳಲ್ಲಿ ಕೂರಿಸಿದಳು, ಹೊಸ ಮಕ್ಕಳು ಹಿಂದೆ ಕೂತರು. ಮಾಸ್ತರು ನಾಲ್ಕನೇ ಸಾಲಿನಲ್ಲಿ ಕೂತರು, ಅವರ ಹೆಂಡತಿ ಒಳಗೆ ಕಿಟಕಿಯ ಪಕ್ಕ ಕೂತರು. ಆ ಕಿಟಕಿಯಲ್ಲಿ ಕಾಣುವುದು ಶೆಡ್ಡಿನ ತಗಡಿನ ಗೋಡೆ. ಆಕೆ ಅದನ್ನೇ ನೋಡುತ್ತಾ ಕೂತರು.

ಮೊದಲು ಮಕ್ಕಳ ವಾದ. ಒಬ್ಬ ಗಿಡ್ಡನೆಯ ಚುರುಕು ಹುಡುಗಿ ಎದ್ದು, ಸುಮ್ಮನೆ ಕೂತವರನ್ನೂ ಕೊಲ್ಲುತ್ತಾರೆ ಅಂದಮೇಲೆ ಕೂತು ಸಾಯುವುದಕ್ಕಿಂತ ಎದ್ದು ಸಾಯುವುದು ಮೇಲು, ಇಬ್ಬರ ಮೇಲೆ ನೂರು ಜನ ಬಿದ್ದರೆ ಅವರ ಗತಿ ಏನು ಅಂದಳು. ಉದ್ದ ಮೂಗಿನ ಹುಡುಗನೊಬ್ಬ, ನೂರು ಜನ ಒಟ್ಟಿಗೆ ಏಳುವುದಿಲ್ಲ ತಾಯಿ, ಒಬ್ಬ ಏಳುತ್ತಾನೆ, ಅವನ ತಪ್ಪಿಗೆ ತೊಂಬತ್ತೊಂಬತ್ತು ಜನ ಚಟ್ಟ ಹತ್ತುತ್ತಾರೆ, ಧೈರ್ಯ ಇರುವವನು ಅವರನ್ನೆಲ್ಲ ಕೇಳಿ ಎದ್ದನೇ ಅಂದ. ಹಾಗಾದರೆ ಕೈಯಲ್ಲಾಗುವವನು ಕೈಕಟ್ಟಿ ಕೂತರೆ ಅದಕ್ಕೆ ಏನನ್ನುತ್ತೀಯ ಅಂದಳು ಅವಳು. ಮಾಸ್ತರು ತಮ್ಮ ಕೈಗಳನ್ನು ನೋಡಿಕೊಂಡರು. ಪಾಪ, ಆ ಹುಡುಗಿಗೇನು ಗೊತ್ತು.

ಆಮೇಲೆ ಎಲ್ಲರ ಕಣ್ಣೂ ಗಂಟಲಕ್ಕನ ಮೇಲೆ. ಅವಳು ಮುಂದಿನ ಬಾಗಿಲ ಹತ್ತಿರ ನಿಂತು, ಅಭ್ಯಾಸದಂತೆ ಒಂದು ಕೈಯನ್ನು ಸೀಟಿನ ಬೆನ್ನಿಗೆ ಊರಿ ಕತೆ ಶುರುಮಾಡಿದಳು. ನೂರಾ ಹನ್ನೆರಡು ಜನ, ಉದ್ದನೆಯವನು, ಜರ್ಕಿನ್ನವನು. ಬಾಯಿಗೆ ದಾರಿ ಗೊತ್ತಿತ್ತು, ಅದು ತಾನಾಗಿ ಹೋಗುತ್ತಿತ್ತು. ಮುದುಕಿ ವಾಂತಿ ಮಾಡಿಕೊಂಡ ಜಾಗ ಬಂತು. ಪ್ರತಿ ಸಲ ಅಲ್ಲಿ ಅವಳು ಒಂದು ಕ್ಷಣ ನಿಂತು, ಆಗಲೂ ಯಾರೂ ಏಳಲಿಲ್ಲ ಅನ್ನುತ್ತಿದ್ದಳು.

ನಾಲ್ಕನೇ ಸಾಲಿನಲ್ಲಿ ಮಾಸ್ತರ ಹೆಂಡತಿ ಕಿಟಕಿಯಿಂದ ಮುಖ ತಿರುಗಿಸಿದ್ದರು. ಗಂಟಲಕ್ಕ ಸೀಟಿನ ಬೆನ್ನಿಗೆ ಊರಿದ್ದ ಕೈ ತೆಗೆದಳು. ಎದುರಿಗೆ ಅವಳನ್ನೇ ದೇವರೆಂದುಕೊಂಡ ಶಿಷ್ಯೆ, ಹಿಂದೆ ಮಣ್ಣಾದ ಕ್ಯಾಪ್ಟನ್ ಸಾಹೇಬರು, ತನಗಾಗಿ ಸುಳ್ಳು ಹೇಳಿದ ಪುಣ್ಯಾತ್ಮ. ಅವರನ್ನು ಈಗ ಸುಳ್ಳುಗಾರ ಮಾಡಬೇಕು. ಮಾಡದಿದ್ದರೆ ಈ ಮನುಷ್ಯ ಸುಳ್ಳುಗಾರನಾಗೇ ಮನೆಗೆ ಹೋಗಬೇಕು. ಇನ್ನೆಷ್ಟು ದಿನದ ಆಯಸ್ಸು ಅಂತ ಇದನ್ನು ಮುಂದಕ್ಕೆ ಹಾಕಲಿ ಅನಿಸಿತು ಅವಳಿಗೆ.

‘ಆಗ ಒಬ್ಬರು ಎದ್ದರು,’ ಅಂದಳು.

ಅಳುಬುರುಕಿಯ ಕೈಯಲ್ಲಿದ್ದ ಪೆನ್ನು ನಿಂತಿತು. ಗಂಟಲಕ್ಕ ನಿಲ್ಲಿಸದೆ ಹೇಳುತ್ತಾ ಹೋದಳು. ಹನ್ನೊಂದನೇ ಸಾಲು ಅಂದಳು. ಎರಡು ಹೆಜ್ಜೆ ಅಂದಳು. ಚಾಚಿದ ಕೈ ಎಷ್ಟು ದೂರದಲ್ಲಿತ್ತು ಅಂತ ತನ್ನ ಗೇಣನ್ನು ತೋರಿಸಿದಳು. ಕೂಗಿದ್ದು ನಾನು, ಯೋಚನೆ ಮಾಡದೆ ಕೂಗಿದ್ದು, ಆಮೇಲೆ ಯೋಚನೆ ಮಾಡಿ ಸುಳ್ಳು ಬರೆದದ್ದೂ ನಾನೇ ಅಂದಳು. ಅವರು ಕಾಗದ ಬರೆದು ಕೇಳಿಕೊಂಡಿದ್ದನ್ನೂ, ತಾನು ಉತ್ತರ ಕೊಡದೆ ಅದನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟದ್ದನ್ನೂ ಹೇಳಿದಳು. ಅಷ್ಟು ಹೊತ್ತೂ ಅವಳ ಗಂಟಲು ಏರಲೇ ಇಲ್ಲ. ಹಿಂದಿನ ಸಾಲಿನ ಮಕ್ಕಳು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಬೇಕಾಯಿತು.

ಮಾಸ್ತರ ಹೆಂಡತಿ ಎದ್ದು ನಿಂತರು. ಸಣ್ಣ ಆಳು. ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

‘ನೀವು ಕೂಗದೇ ಇದ್ದಿದ್ರೆ ನನ್ನ ತಮ್ಮ ಉಳೀತಿದ್ನಾ?’

ಗಂಟಲಕ್ಕ ಈ ಪ್ರಶ್ನೆಗಾಗಿ ಇಪ್ಪತ್ತೆಂಟು ವರ್ಷದಿಂದ ಕಾಯುತ್ತಿದ್ದಳು.

‘ಉಳೀಬಹುದಿತ್ತು,’ ಅಂದಳು. ‘ಮುಂದೆ ನಿಂತಿದ್ದವನ ಕೈಲಿ ಗ್ರೆನೇಡ್ ಇತ್ತು. ಅವನು ಪಿನ್ನು ಎಳೆದಿದ್ರೆ ನಿಮ್ಮ ತಮ್ಮನ ಜೊತೆ ಇವರೂ ಹೋಗ್ತಿದ್ರು, ನಾನೂ ಹೋಗ್ತಿದ್ದೆ, ಎಲ್ಲರೂ. ಯಾವುದು ಆಗ್ತಿತ್ತೋ ನಂಗೆ ಗೊತ್ತಿಲ್ಲಮ್ಮ. ಗೊತ್ತಿದ್ದಿದ್ರೆ ನಂಗೆ ನಿದ್ದೆ ಬರೋದು. ಇವರು ಎದ್ದಿದ್ದು ಮಾತ್ರ ನಿಜ. ನನ್ನ ಕಣ್ಣಾರೆ ನೋಡಿದೀನಿ.’

ಈಗ ಬೈಗುಳ ಬರುತ್ತದೆ ಅಂತ ಅವಳು ಕಾದು ನಿಂತಳು. ಬರಲಿ ಅಂತಲೇ ನಿಂತಳು. ಆದರೆ ಮಾಸ್ತರ ಹೆಂಡತಿ ಅವಳ ಕಡೆ ನೋಡುತ್ತಲೇ ಇರಲಿಲ್ಲ. ಗಂಡನ ಕಡೆ ತಿರುಗಿದ್ದರು. ಬಹಳ ವರ್ಷ ಬೀಗ ಹಾಕಿಟ್ಟ ಮನೆಯನ್ನು ತೆಗೆದು ನೋಡುವವರ ಹಾಗೆ ಅವರ ಮುಖವನ್ನು ನೋಡಿದರು.

‘ಎದ್ದಿದ್ರಾ?’

ಮಾಸ್ತರು ತಲೆಯಾಡಿಸಿದರು. ಇನ್ನೇನು ಹೆಂಡತಿ ಒಂದು ಒಳ್ಳೆಯ ಮಾತು ಆಡುತ್ತಾರೆ, ಇಷ್ಟು ವರ್ಷಕ್ಕೆ ಒಂದೇ ಒಂದು ಮಾತು, ಅಂತ ಗಂಟಲಕ್ಕ ಅಂದುಕೊಂಡಳು. ಅಲ್ಲಿದ್ದವರೆಲ್ಲ ಹಾಗೇ ಅಂದುಕೊಂಡಿರಬೇಕು.

‘ಯಾಕೆ ಎದ್ರಿ?’ ಅಂದರು ಆಕೆ.

ಮಾಸ್ತರು ಬೆಪ್ಪಾಗಿ ನೋಡಿದರು.

‘ಅವನ ಕೈಲಿ ಪಿಸ್ತೂಲಿತ್ತು. ಆಟದ್ದು ಅಂತ ನಿಮಗೇನು ಕನಸು ಬಿದ್ದಿತ್ತಾ? ಮನೇಲಿ ಎರಡು ಮಕ್ಕಳು, ಚಿಕ್ಕದಕ್ಕೆ ಇನ್ನೂ ನಡೆಯೋಕೂ ಬರ್ತಿರ್ಲಿಲ್ಲ. ಅವನು ತಿರುಗಿ ಹೊಡೆದಿದ್ರೆ? ನಾನು ಏನ್ ಮಾಡ್ಬೇಕಿತ್ತು, ಅವನೂ ಇಲ್ಲ, ನೀವೂ ಇಲ್ಲ, ನಾನೊಬ್ಬಳೇ ಏನ್ ಮಾಡ್ಬೇಕಿತ್ತು? ಯಾಕೆ ಎದ್ರಿ ನೀವು?’

ಅನ್ನುತ್ತಾ ಆಕೆ ಅವರ ಕೋಟಿನ ಭುಜಕ್ಕೆ ಮುಷ್ಟಿಯಿಂದ ಗುದ್ದಿದರು. ಒಂದು ಸಲ, ಎರಡು ಸಲ, ಆಮೇಲೆ ಎಣಿಕೆಯಿಲ್ಲ. ಗುದ್ದುತ್ತಾ ಗುದ್ದುತ್ತಾ ಕುಸಿದು ಅವರ ಪಕ್ಕ ಕೂತು, ಆ ಭುಜಕ್ಕೇ ಹಣೆಯಿಟ್ಟು ದೊಡ್ಡ ದನಿ ತೆಗೆದು ಅತ್ತರು. ತಮ್ಮನ ಹೆಸರು ಹಿಡಿದು ಅತ್ತರು. ಇಪ್ಪತ್ತೆಂಟು ವರ್ಷ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಅಳಬೇಕಾಗಿದ್ದ ಅಳು ಅದು. ಗಂಟಲಕ್ಕ ಅದನ್ನು ಕೇಳುತ್ತಾ ನಿಂತಳು. ಕೇಳದೆ ಇಳಿದುಹೋಗುವ ಹಕ್ಕು ತನಗಿಲ್ಲ ಅನಿಸಿತು ಅವಳಿಗೆ.

ಮಾಸ್ತರು ಏನು ಮಾಡಬೇಕೆಂದು ತೋಚದೆ, ಮುಟ್ಟಿದರೆ ಎಲ್ಲಿ ಸರಿದುಬಿಡುತ್ತಾಳೋ ಎಂಬಂತೆ ಕೈಯನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದಿದ್ದರು. ಆಮೇಲೆ ಮೆಲ್ಲಗೆ ಹೆಂಡತಿಯ ಬೆನ್ನ ಮೇಲಿಟ್ಟರು.

‘ತಪ್ಪಾಯ್ತು ಕಣೆ,’ ಅಂದರು. ‘ಇನ್ಮೇಲೆ ಏಳಲ್ಲ.’

ಏಳದೆ ಇದ್ದದ್ದಕ್ಕೆ ಇಷ್ಟು ವರ್ಷ ತಪ್ಪಿತಸ್ಥರಾಗಿದ್ದ ಮನುಷ್ಯ ಎದ್ದದ್ದಕ್ಕೆ ಕ್ಷಮೆ ಕೇಳುತ್ತಿದ್ದರು, ಅವರ ಮುಖ ನೋಡಿದರೆ ಅಷ್ಟು ಸುಖಿಯಾದ ಮನುಷ್ಯ ಇನ್ನೊಬ್ಬನಿಲ್ಲ ಅನ್ನಬೇಕು. ಹಿಂದೆ ಗಿಡ್ಡನೆಯ ಹುಡುಗಿ ಉದ್ದ ಮೂಗಿನವನ ಕರ್ಚೀಫು ಕಿತ್ತುಕೊಂಡು ಮೂಗೊರೆಸಿಕೊಳ್ಳುತ್ತಿದ್ದಳು. ಪಾಠ ಮುಗಿಯಿತು ಅಂತ ಯಾರೂ ಹೇಳಲಿಲ್ಲ, ಒಬ್ಬೊಬ್ಬರೇ ಎದ್ದು ಸದ್ದು ಮಾಡದೆ ಇಳಿದು ಹೋದರು. ಮಾಸ್ತರ ಹೆಂಡತಿ ಮಾತ್ರ ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಮತ್ತೆ ಎಲ್ಲಿ ಎದ್ದುಬಿಡುತ್ತಾರೋ ಎಂಬಂತೆ ಅಲ್ಲೇ ಕೂತಿದ್ದರು.